ಮೀರಾಬಿಯ ಖೋಲಿ

ಶಲವಡಿಯಿಂದ ಯಾವ ದಿಕ್ಕಿಗೆ ಹೊರಟರೂ ಎರೆ ಹೊಲ. ಕೆಳಗೆ ಕಪ್ಪು ಮಣ್ಣು, ಮೇಲೆ ಆಕಾಶ, ನಡುವೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಬದುವಿನ ಮೇಲೆ ಒಂದು ಜಾಲಿಗಿಡ ಇದ್ದರೆ ಅದೇ ದೊಡ್ಡ ಮಾತು. ಹೊಲದಲ್ಲಿ ನಿಂತವರಿಗೆ ಪಕ್ಕದೂರಿನ ಬಸ್ಸು ಕಾಣುತ್ತದೆ. ಬಸ್ಸಿನಲ್ಲಿ ಕೂತವರಿಗೆ ಹೊಲದಲ್ಲಿ ನಿಂತವರ ಸೀರೆಯ ಬಣ್ಣ ಕಾಣುತ್ತದೆ. ಇಂಥ ಬಯಲಿನಲ್ಲಿ ಕೆಲವು ವರ್ಷಗಳಿಂದ ಒಂದು ಖೋಲಿ ತಿರುಗಾಡುತ್ತಿದೆ. ಇವತ್ತು ಹೆಸರುಕಾಳಿನ ಹೊಲದಲ್ಲಿದ್ದರೆ ನಾಳೆ ಉಳ್ಳಾಗಡ್ಡಿ ಹೊಲದಲ್ಲಿ. ನಾಲ್ಕು ಬಿದಿರಿನ ಗಳ, ಸುತ್ತಲೂ ಹಳೇ ಸೀರೆಗಳನ್ನು ಜೋಡಿಸಿ ಹೊಲಿದ ಗೋಡೆ, ಮೇಲೆ ಮಾಳಿಗೆ ಇಲ್ಲ. ಒಳಗೆ ಒಂದು ಕೊಡ ನೀರು, ಒಂದು ತಂಬಿಗೆ, ಮಣ್ಣು ಎಳೆಯಲು ಒಂದು ಗುದ್ದಲಿ, ಸಾಬೂನಿನ ಒಂದು ಚೂರು. ಸುತ್ತಲಿನ ಊರುಗಳಲ್ಲಿ ಎಲ್ಲರೂ ಅದಕ್ಕೆ ಮೀರಾಬಿ ಖೋಲಿ ಅನ್ನುತ್ತಾರೆ.

ಈ ಖೋಲಿ ಯಾಕೆ ಎಂದು ಯಾರಾದರೂ ಕೇಳಿದರೆ ಮೀರಾಬಿ, "ಒಂದಕ್ಕ ಹೋಗಾಕ್ರಿ, ಮತ್ಯಾಕ?" ಎಂದು ಮುಖಕ್ಕೆ ಹೊಡೆದಂತೆ ಹೇಳಿ ತನ್ನ ಕೆಲಸಕ್ಕೆ ತಿರುಗುತ್ತಾಳೆ. ಅದು ಅರ್ಧ ಉತ್ತರ. ಉಳಿದರ್ಧವನ್ನು ಆಕೆ ಹೇಳುವುದಿಲ್ಲ, ಆದ್ದರಿಂದ ನಾವೇ ಹೇಳಬೇಕು.

ಮೀರಾಬಿ ಹೊಲದ ಕಸ, ಅಂದರೆ ಕಳೆ, ತೆಗೆಯುವ ಹೆಣ್ಣುಮಕ್ಕಳ ಗುಂಪಿನ ಮುಂದಾಳು. ಮಗ ರಮಜಾನ್ ಮೂರು ಗಾಲಿಯ ಟಂಟಂ ಓಡಿಸುತ್ತಾನೆ. ಬೆಳಿಗ್ಗೆ ಆ ಟಂಟಂನಲ್ಲಿ ಹತ್ತು ಹನ್ನೆರಡು ಮಂದಿಯನ್ನು ತುಂಬಿಕೊಂಡು ಹೊರಟರೆ ಹೊತ್ತು ಮುಳುಗುವ ತನಕ ಹೊಲದಲ್ಲಿ ಅವಳದೇ ರಾಜ್ಯ. ಗಂಡ ನಿಜಾಮಸಾಬ ಅರಳೆ ಹಿಂಜಿ ಗಾದಿ ಹೊಲಿಯುವವನು. ಕೆಲಸವೂ ಮೆತ್ತಗೆ, ಮನುಷ್ಯನೂ ಮೆತ್ತಗೆ. ಮನೆಯಲ್ಲಿ ಗಟ್ಟಿ ದನಿ ಅಂತ ಇದ್ದದ್ದು ಒಂದೇ. ಆ ದನಿ ಮುದ್ದು ಮಾಡುವಾಗ ಉರ್ದುವಿನಲ್ಲಿ ಬರುತ್ತಿತ್ತು, ಬೈಯುವಾಗ ಕನ್ನಡದಲ್ಲಿ. ಹೀಗಾಗಿ ಒಳಗಿನಿಂದ ಕನ್ನಡ ಕೇಳಿಸಿತೆಂದರೆ ಅಪ್ಪ ಮಗ ಇಬ್ಬರೂ ನೆಟ್ಟಗೆ ಕೂಡುತ್ತಿದ್ದರು.

ಸುತ್ತಲಿನ ಹೊಲದವರು ಬೇರೆ ಗುಂಪುಗಳನ್ನು ಬಿಟ್ಟು ಮೀರಾಬಿಗೇ ಹೇಳಿ ಕಳಿಸಲು ಒಂದು ಕಾರಣವಿತ್ತು. ಅವಳ ಗುಂಪಿನ ಹೆಣ್ಣುಮಕ್ಕಳು ಸಾಲು ಹಿಡಿದರೆ ಸಾಲು ಮುಗಿಯುವ ತನಕ ಏಳುತ್ತಿರಲಿಲ್ಲ. "ನಮ್ಮ ಹೆಣ್ಮಕ್ಕಳು ಸಾಲ ಬಿಟ್ಟು ಏಳಂಗಿಲ್ರಿ" ಎಂದು ಆಕೆ ಎಲ್ಲರೆದುರು ಎದೆ ಉಬ್ಬಿಸಿ ಹೇಳುತ್ತಿದ್ದಳು. ಏಳುವಂತಿಲ್ಲ ಎಂದರೆ ನೀರು ಕುಡಿಯುವಂತಿಲ್ಲ ಎಂದೇ ಅರ್ಥ. ಕುಡಿದರೆ ಹೋಗಬೇಕಾಗುತ್ತದೆ, ಹೋಗಬೇಕೆಂದರೆ ಆ ಬಯಲಿನಲ್ಲಿ ಮರೆ ಎಲ್ಲಿದೆ? ಬೆಳಗಾಗುವ ಮೊದಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ; ನಡುವೆ ರೊಟ್ಟಿ ತಿಂದಾಗ ಗಂಟಲು ತೊಯ್ಯುವಷ್ಟು ನೀರು. ಇದು ಮೀರಾಬಿ ಹುಟ್ಟಿಸಿದ ನಿಯಮವಲ್ಲ. ಅವಳ ತಾಯಿಯೂ ಹಾಗೇ ಬಾಳಿದ್ದಳು, ಆ ಸೀಮೆಯ ಹೆಣ್ಣುಮಕ್ಕಳು ಹೊಲಕ್ಕೆ ಹೋಗಲು ಶುರುಮಾಡಿದ ವರ್ಷವೇ ಇದನ್ನು ಕಲಿಯುತ್ತಾರೆ. ಎಲ್ಲರೂ ನಾಚಿಕೆಯಿಂದ ಮಾಡುತ್ತಿದ್ದುದನ್ನು ಮೀರಾಬಿ ಹೆಮ್ಮೆಯ ವಿಷಯ ಮಾಡಿಕೊಂಡಿದ್ದಳು, ಅಷ್ಟೆ.

ರಮಜಾನ್‌ಗೆ ಗುಡಗೇರಿಯಿಂದ ಹೆಣ್ಣು ತಂದರು. ಅರ್ಫಾ, ತೆಳ್ಳಗಿನ ಹುಡುಗಿ, ಮಾತು ಕಡಿಮೆ, ಕೈ ಚುರುಕು. ಬಂದ ವರ್ಷವೇ ಗುಂಪಿಗೆ ಸೇರಿದಳು, ಅತ್ತೆಯ ಬಾಜು ಸಾಲು ಹಿಡಿದು ಅತ್ತೆಗಿಂತ ಮೊದಲು ತುದಿ ಮುಟ್ಟುತ್ತಿದ್ದಳು. ಬಸುರಾದ ಮೇಲೂ ಕೆಲಸ ಬಿಡಲಿಲ್ಲ, ಬಿಡು ಎಂದು ಯಾರೂ ಹೇಳಲೂ ಇಲ್ಲ. ಆರನೇ ತಿಂಗಳಲ್ಲಿ ಒಂದು ದಿನ ಅಡುಗೆಮನೆಯಲ್ಲಿ ಅತ್ತೆಯ ಹತ್ತಿರ ಸಣ್ಣ ದನಿಯಲ್ಲಿ, ಒಂದಕ್ಕೆ ಹೋದರೆ ಉರಿಯುತ್ತದೆ ಅಂದಳು. ಉರಿಯುವುದು ಯಾವ ಹೆಣ್ಣಿಗಿಲ್ಲ ಎಂದು ಮೀರಾಬಿಗೆ ಅನ್ನಿಸಿತು. ಉಷ್ಣ ಆಗಿದೆ ಎಂದು ಕೊತ್ತಂಬರಿ ಬೀಜ ನೆನೆಹಾಕಿ ಆ ನೀರನ್ನು ರಾತ್ರಿ ಕುಡಿಯಲು ಕೊಟ್ಟಳು. ಹಗಲಿಗೆ ಅದೇ ಹಳೇ ನಿಯಮ.

ಏಳು ತಿಂಗಳು ತುಂಬಿ ಕೆಲವು ದಿನ ಆಗಿತ್ತು. ಉಳ್ಳಾಗಡ್ಡಿ ಹೊಲದಲ್ಲಿ ಅರ್ಫಾ ನಡುಸಾಲಿನಲ್ಲೇ ಕಸ ತೆಗೆಯುವ ಕುರ್ಚಿಗಿ ಕೆಳಗಿಟ್ಟು ಮೊಣಕಾಲೂರಿ ಕೂತಳು. ಮೀರಾಬಿ ಬೈಯಲೆಂದೇ ಹತ್ತಿರ ಹೋದದ್ದು. ಸೊಸೆಯ ತೋಳು ಮುಟ್ಟಿದರೆ ಹಂಚಿನಂತೆ ಸುಡುತ್ತಿತ್ತು, ಹೊಟ್ಟೆ ಮುಟ್ಟಿದರೆ ಕಲ್ಲಿನ ಹಾಗೆ ಬಿಗಿದಿತ್ತು. ತಾನೂ ಹಡೆದವಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ರಮಜಾನ್‌ನ ಟಂಟಂನಲ್ಲಿ ಊರಿನ ದವಾಖಾನೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಓಡಿದರು. ಅದೇ ದಿನ ಹೆಣ್ಣು ಕೂಸು ಹುಟ್ಟಿತು. ತೂಕ ಒಂದು ಕಿಲೋದ ಮೇಲೆ ಚೂರು. ಅದನ್ನು ಕಂಡವರು ಅಯ್ಯೋ ಎಂದರು; ಮೀರಾಬಿ ಆ ಕೈಗಳನ್ನೇ ನೋಡಿದಳು, ಅವು ಅವಳ ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು ಅಷ್ಟೇ.

ಕೂಸು ಗಾಜಿನ ಪೆಟ್ಟಿಗೆಯಲ್ಲಿ, ತಾಯಿ ಜ್ವರದಲ್ಲಿ ಬೇರೆ ವಾರ್ಡಿನಲ್ಲಿ. ಅರ್ಫಾಳ ಸೋಂಕು ಮೂತ್ರಪಿಂಡದ ತನಕ ಏರಿತ್ತು. ರಮಜಾನ್ ಎರಡರ ನಡುವೆ ಔಷಧಿ ಚೀಟಿ ಹಿಡಿದು ಓಡಾಡಿದ. ಮೀರಾಬಿ ಕೂಸಿನ ಕೋಣೆಯ ಹೊರಗೆ ನೆಲದ ಮೇಲೆ ಕೂತುಬಿಟ್ಟಳು. ಅಲ್ಲಿನ ನರ್ಸು ನೇತ್ರಾ ಕಲಘಟಗಿ ಕಡೆಯ ಹುಡುಗಿ, ಒರಟು ಮಾತು, ಹಗುರ ಕೈ. ಮೀರಾಬಿಗೆ ಅವಳನ್ನು ಕಂಡರೆ ಮೊದಲ ದಿನವೇ ಭರವಸೆ ಬಂತು, ಬಹುಶಃ ತನ್ನ ಹಾಗೇ ಬೈಯುತ್ತಾಳೆಂದು.

ಕೂಸಿನ ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ ನೇತ್ರಾ ಹೊರಗೆ ಬಂದು, ಇನ್ನು ಇದಕ್ಕೆ ಪೆಟ್ಟಿಗೆಗಿಂತ ಮನುಷ್ಯರ ಎದೆಯ ಶಾಖ ಒಳ್ಳೆಯದು, ತಾಯಿ ಏಳುವ ತನಕ ಬೇರೆ ಯಾರಾದರೂ ಬರಿ ಎದೆಗೆ ಹಚ್ಚಿಕೊಂಡು ಕೂಡಬೇಕು ಅಂದಳು. ಮೀರಾಬಿ ಎದ್ದು ನಿಂತಳು. ಕೈ ತೊಳೆಸಿ, ಮೈ ಒರೆಸಿ, ಒಳಗೆ ಕರೆದೊಯ್ದು ಕುರ್ಚಿಯ ಮೇಲೆ ಕೂಡಿಸಿ ಕುಪ್ಪಸ ಬಿಚ್ಚಲು ಹೇಳಿದರು. ಸುತ್ತ ಬೇರೆ ಕೂಸುಗಳ ತಂದೆಯರಿದ್ದರು, ಡಾಕ್ಟರಿದ್ದರು. ಹೊಲದಲ್ಲಿ ಹನ್ನೆರಡು ಮಂದಿಯನ್ನು ಹೆದರಿಸಿ ಕೆಲಸ ತೆಗೆಯುವ ಹೆಂಗಸು ಸೆರಗು ಬಿಗಿ ಹಿಡಿದು ಕಲ್ಲಾಗಿ ಕೂತಳು. ನೇತ್ರಾ ಬೈಯಲಿಲ್ಲ. ಮೂಲೆಯಲ್ಲಿದ್ದ ಗಾಲಿಗಳ ಮೇಲಿನ ಹಸಿರು ಪರದೆಯನ್ನು ಗರಗರ ಎಳೆದು ತಂದು ಸುತ್ತ ನಿಲ್ಲಿಸಿದಳು.

ಆ ಪರದೆಯೊಳಗೆ ಮೀರಾಬಿ ಕುಪ್ಪಸ ಬಿಚ್ಚಿದಳು. ಕೂಸನ್ನು ಎದೆಯ ನಡುವೆ ಮಲಗಿಸಿ ಮೇಲೆ ಬಟ್ಟೆ ಬಿಗಿದರು. ಏನೋ ಇಟ್ಟಿದ್ದಾರೆ ಎಂದು ಗೊತ್ತಾಗುವಷ್ಟೂ ಭಾರವಿರಲಿಲ್ಲ. ಬಿಸಿ ಮಾತ್ರ ಗೊತ್ತಾಯಿತು, ಆಮೇಲೆ ಉಸಿರು. ಒಂದು ಕೈ ತಲೆಯ ಕೆಳಗೆ, ಒಂದು ಕೈ ಕುಂಡಿಯ ಕೆಳಗೆ, ಮೊಣಕೈ ಪಕ್ಕೆಗೆ ಒತ್ತಿ, ಆಕೆ ಅಲುಗಾಡದೆ ಕೂತಳು. ನೇತ್ರಾ ಕಿವಿಯ ಹತ್ತಿರ ಬಗ್ಗಿ ಹೇಳಿದಳು: "ಇವು ಒಮ್ಮೊಮ್ಮೆ ಉಸಿರಾಡೋದ ಮರೀತಾವ ಅವ್ವಾ. ಬಣ್ಣ ಬದಲಾದ್ರ ನನ್ನ ಕರೀರಿ, ಅಂಗಾಲ ಕೆರೀರಿ. ನೆನಪಾಗತೈತಿ."

ಉಸಿರಾಡುವುದನ್ನು ಮರೆಯುವ ಜೀವ. ಮೀರಾಬಿ ಅಂದಿನಿಂದ ದಿನದಿನವೂ ಆ ಪರದೆಯೊಳಗೆ ಕೂತು ಒಂದು ಉಸಿರಿನ ಹಿಂದೆ ಇನ್ನೊಂದನ್ನು ಕಾಯ್ದಳು. ಎರಡು ಸಲ ಕೂಸು ಮರೆಯಿತು, ಎರಡೂ ಸಲ ಅವಳು ಅಂಗಾಲು ಕೆರೆದು ನೆನಪಿಸಿದಳು. ಹಾಗೆ ಕೂತಾಗಲೇ ಅವಳಿಗೆ ಒಂದು ಸಂಗತಿ ಹೊಳೆಯಿತು: ಹಗಲು ಹೊತ್ತಿನಲ್ಲಿ, ಮನೆಯ ಹೊರಗೆ, ಯಾರ ಕಣ್ಣಿಗೂ ಬೀಳದ ಒಂದು ಜಾಗದಲ್ಲಿ ತಾನು ಜನ್ಮದಲ್ಲಿ ಕೂತದ್ದು ಇದೇ ಮೊದಲು. ಒಂದು ತುಂಡು ಬಟ್ಟೆ ಎಳೆದರೆ ಆಗುವ ಕೆಲಸ ಇದು. ಹೊಲದಲ್ಲಿ ಇಷ್ಟು ವರ್ಷ ಯಾರಿಗೂ ಯಾಕೆ ತೋಚಲಿಲ್ಲ ಎಂದು ಆಕೆಗೆ ಸಿಟ್ಟು ಬಂತು.

ಒಂದು ಮಧ್ಯಾಹ್ನ ಅವಳು ಕೇಳಿಯೇ ಬಿಟ್ಟಳು, ಕೂಸು ಯಾಕೆ ಇಷ್ಟು ಮೊದಲು ಬಂತು ಎಂದು. ನೇತ್ರಾ ಹಾಲಿನ ನಳಿಕೆ ಸರಿಮಾಡುತ್ತ, ಎಷ್ಟೋ ಸಲ ಡಾಕ್ಟರಿಗೂ ಗೊತ್ತಾಗುವುದಿಲ್ಲ, ಕಾರಣ ಹತ್ತಾರು ಇರುತ್ತವೆ, ಅರ್ಫಾಳ ವಿಷಯದಲ್ಲಿ ಮಾತ್ರ ಮೂತ್ರದ ಸೋಂಕು ಬಹಳ ದಿನ ಹಾಗೇ ಉಳಿದು ಮೇಲೇರಿದ್ದೇ ಕಾರಣ ಇರಬೇಕೆಂದು ಡಾಕ್ಟರು ಹೇಳುತ್ತಾರೆ ಅಂದಳು. ಆಮೇಲೆ ಸುಮ್ಮನೆ, ಮಾತಿಗೆ ಮಾತು ಕೇಳಿದಂತೆ, "ಹಗಲೊತ್ತು ನೀರ ಕುಡೀತಿದ್ಲೇನು?" ಎಂದಳು.

ಮೀರಾಬಿ ಎದೆಯ ಮೇಲಿನ ಕೂಸನ್ನು ನೋಡಿದಳು.

"ಇಲ್ಲ" ಎಂದಳು. "ನಾನ ಕುಡ್ಯಾಕ ಬಿಡತಿದ್ದಿಲ್ಲ."

ನೇತ್ರಾ ನಳಿಕೆಯ ಕೆಲಸ ಮುಗಿಸಿದಳು. ಹೋಗುವಾಗ ಒಂದು ಮಾತು ಹೇಳಿದಳು: ಒಮ್ಮೆ ಹೀಗೆ ಮೊದಲೇ ಹಡೆದವರು ಮುಂದಿನ ಸಲವೂ ಮೊದಲೇ ಹಡೆಯುವ ಸಂಭವ ಉಂಟು, ಆದ್ದರಿಂದ ಮುಂದಿನದಕ್ಕೆ ಶುರುವಿನಿಂದಲೇ ಜೋಪಾನ ಮಾಡಬೇಕು. ಆ ದಿನ ಪರದೆಯೊಳಗೆ ಮೀರಾಬಿ ಎರಡು ಮಾತು ಗಟ್ಟಿ ಮಾಡಿಕೊಂಡಳು. ಈ ಕೂಸು ಉಳಿಯಬೇಕು. ಮತ್ತೆ ತನ್ನ ಮನೆಯಲ್ಲಾಗಲಿ ತನ್ನ ಗುಂಪಿನಲ್ಲಾಗಲಿ ಇನ್ನೊಂದು ಕೂಸು ಹೀಗೆ ತಿಂಗಳು ತುಂಬದೆ ಬರಬಾರದು.

ಅರ್ಫಾ ಜ್ವರ ಬಿಟ್ಟು ಎದ್ದು ಬಂದಳು. ತನ್ನ ಹಾಲನ್ನು ತಾನೇ ಹಿಂಡಿ ಕೊಡುತ್ತ, ಅತ್ತೆಯ ಜೊತೆ ಸರದಿಯ ಮೇಲೆ ಎದೆಗೆ ಹಚ್ಚಿಕೊಳ್ಳುತ್ತ ವಾರಗಟ್ಟಲೆ ಅಲ್ಲೇ ಕಳೆದಳು. ಅವಳು ಬೈಯುತ್ತಾಳೆಂದು ಮೀರಾಬಿ ಕಾದಳು. ಸೊಸೆ ಬೈಯಲಿಲ್ಲ. ಕೊನೆಗೆ ಮೀರಾಬಿಯೇ ಉರ್ದುವಿನಲ್ಲಿ, ಬಹಳ ಮೆಲ್ಲಗೆ, ತಪ್ಪು ನನ್ನದು ಮಗಳೇ ಅಂದಳು. ಅರ್ಫಾ ಕೂಸನ್ನು ಎತ್ತಿ ಅತ್ತೆಯ ಎದೆಗೆ ಹಚ್ಚಿ, ತಾನು ಉಣ್ಣಲು ಹೋದಳು. ಅದಕ್ಕಿಂತ ದೊಡ್ಡ ಕ್ಷಮೆ ಮೀರಾಬಿ ಎಲ್ಲೂ ನೋಡಿಲ್ಲ.

ಮನೆಗೆ ಕರೆತಂದ ದಿನ ನಿಜಾಮಸಾಬ ಒಂದು ಗಾದಿ ಹೊಲಿದಿಟ್ಟಿದ್ದ. ದಿಂಬಿನಷ್ಟೇ ಗಾತ್ರ, ಆಯ್ದು ಆಯ್ದು ಹಿಂಜಿದ ಅರಳೆ, ಅಂಚಿಗೆ ಕೆಂಪು ದಾರ. ಜೀವಮಾನದಲ್ಲಿ ಅಷ್ಟು ಚೆಂದದ ಗಾದಿ ಅವನು ಹೊಲಿದಿರಲಿಲ್ಲ. ಮೀರಾಬಿ ಅದನ್ನು ನೋಡಿದಳು, ಮೂಸಿದಳು, ಎತ್ತಿ ಅಟ್ಟಕ್ಕೆ ಹಾಕಿದಳು. ಧೂಳು, ಹೊಗೆ ಎರಡೂ ಕೂಸಿನ ಹತ್ತಿರ ಸುಳಿಯಬಾರದೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಪಾಪ, ಮೆತ್ತನೆಯ ಮನುಷ್ಯ ಮರುಮಾತಾಡದೆ ಅರಳೆ ಹಿಂಜುವ ಸಾಮಾನನ್ನೆಲ್ಲ ಊರ ಹೊರಗಿನ ತಮ್ಮನ ಶೆಡ್ಡಿಗೆ ಸಾಗಿಸಿದ. ಬೀಡಿಯನ್ನೂ ಅಲ್ಲೇ ಬಿಟ್ಟ. ಸಂಜೆ ಬಂದು ಮೈ ತೊಳೆದು, ಅಂಗಿ ಬಿಚ್ಚಿ, ಕೂಸಿಗೆ ತನ್ನ ಎದೆಯ ಮೇಲೆ ಜಾಗ ಕೊಟ್ಟು ಗೋಡೆಗೆ ಒರಗುತ್ತಿದ್ದ. ಗಾದಿ ಹೊಲಿಯುವವನು ತಾನೇ ಗಾದಿಯಾದ.

ಓಣಿಯ ಮುದುಕಿಯರು ಸುಮ್ಮನಿರಲಿಲ್ಲ. ಲೋಬಾನದ ಹೊಗೆ ಹಾಕಬೇಕು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯಬೇಕು, ಇದೆಲ್ಲ ಇಲ್ಲದೆ ಕೂಸು ಗಟ್ಟಿಯಾಗುವುದುಂಟೇ ಎಂದು ಒಬ್ಬರಾದ ಮೇಲೊಬ್ಬರು ಬಂದರು. ಮೀರಾಬಿ ಹೊಸ್ತಿಲ ಮೇಲೆ ಅಡ್ಡ ಕೂತಳು. ನೋಡುವವರು ಹೊರಗಿನಿಂದಲೇ ನೋಡಬೇಕು, ಮುಟ್ಟುವವರು ಕೈ ತೊಳೆಯಬೇಕು, ಕೆಮ್ಮುವವರು ಮುಂದಿನ ತಿಂಗಳು ಬರಬೇಕು. ಕೆಲವರು ಮುನಿಸಿಕೊಂಡರು. ಉಳಿಯುವ ಕೂಸಲ್ಲ, ಇಷ್ಟೆಲ್ಲ ಯಾಕೆ ಬಡಿದಾಡುತ್ತಾಳೋ ಎಂದು ಒಬ್ಬಾಕೆ ಅಂದದ್ದು ಅವಳ ಕಿವಿಗೇ ಬಿತ್ತು. ಆ ದಿನ ಆಕೆ ಉಣ್ಣಲಿಲ್ಲ, ಆದರೆ ಹೊಸ್ತಿಲು ಬಿಟ್ಟೂ ಏಳಲಿಲ್ಲ.

ಬೆಕ್ಕಿನ ಮರಿಯಷ್ಟಿದ್ದ ಕೂಸಿಗೆ ಸುಲ್ತಾನಾ ಎಂದು ಹೆಸರಿಟ್ಟಾಗ ಓಣಿ ನಕ್ಕಿತು. ಸುಲ್ತಾನಾ ಯಾರ ನಗುವಿಗೂ ಕಿವಿಗೊಡದೆ ತನ್ನ ಸಾವಕಾಶದಲ್ಲಿ ಬೆಳೆದಳು. ಬೇರೆ ಮಕ್ಕಳು ತೆವಳುವಾಗ ಇವಳು ಮಲಗಿದ್ದಳು, ಅವರು ಓಡುವಾಗ ಇವಳು ಗೋಡೆ ಹಿಡಿದಳು. ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ವಯಸ್ಸು ಎಣಿಸಿ ಎಂದು ನೇತ್ರಾ ಹೇಳಿಕೊಟ್ಟಿದ್ದಳು. ಕೇಳಿದವರಿಗೆ ಮೀರಾಬಿ, ಅವಸರ ಮಾಡಿ ಬಂದಾಳೆ, ಇನ್ನು ಮುಂದಿನದೆಲ್ಲ ನಿಧಾನವಾಗಿಯೇ ಆಗಲಿ ಎನ್ನುತ್ತಿದ್ದಳು. ಕಣ್ಣಿನ ತಪಾಸಣೆಗೆ ಹುಬ್ಬಳ್ಳಿಗೆ ಕರೆದೊಯ್ಯುವುದನ್ನು ಒಂದು ಸಲವೂ ತಪ್ಪಿಸಲಿಲ್ಲ. ಮೂರು ತುಂಬುವುದರಲ್ಲಿ ದಪ್ಪ ಗಾಜಿನ ಚಷ್ಮಾ ಬಂತು. ಅದು ಮೂಗಿನ ಮೇಲೆ ನಿಲ್ಲದೆ ಜಾರುತ್ತಿದ್ದರಿಂದ ನಿಜಾಮಸಾಬ ಹಿಂದಿನಿಂದ ಎಲಾಸ್ಟಿಕ್ ಹೊಲಿದುಕೊಟ್ಟ. ಅದನ್ನು ಹಾಕಿಕೊಂಡು ಓಣಿಯಲ್ಲಿ ನಡೆದಾಗ ಹೆಸರು ಸರಿಯಾಗಿಯೇ ಇಟ್ಟಿದ್ದಾರೆ ಎಂದು ನಕ್ಕವರೇ ಒಪ್ಪಿಕೊಂಡರು.

ಖೋಲಿಯ ಕಥೆ ಶುರುವಾದದ್ದು ಸುಲ್ತಾನಾ ಇನ್ನೂ ತೊಟ್ಟಿಲಲ್ಲಿದ್ದಾಗ. ಹೊಲಕ್ಕೆ ಮರಳಿ ಹೋಗುವ ಮುನ್ನ ಮೀರಾಬಿ ಓಣಿಯಲ್ಲೆಲ್ಲ ಹಳೇ ಸೀರೆ ಬೇಡಿ ತಂದಳು. ಗಂಡನಿಗೆ ಕೊಟ್ಟು ಹೊಲಿಸಿದಳು. ಮೊದಲ ದಿನ ಮಡಿವಾಳೆಪ್ಪ ಎಂಬ ರೈತನ ಹೆಸರುಕಾಳಿನ ಹೊಲದ ಮೂಲೆಯಲ್ಲಿ ಗಳ ನೆಟ್ಟು ಸೀರೆಗೋಡೆ ಕಟ್ಟಿ, ಇನ್ನು ಮೇಲೆ ಪ್ರತಿ ಸಾಲು ಮುಗಿದ ಕೂಡಲೇ ಎಲ್ಲರೂ ಒಂದು ತಂಬಿಗೆ ನೀರು ಕುಡಿಯಬೇಕು, ಬೇಕಾದಾಗ ಖೋಲಿಗೆ ಹೋಗಬೇಕು ಎಂದು ಹೊಸ ನಿಯಮ ಹೇಳಿದಳು.

ಯಾರೂ ಹೋಗಲಿಲ್ಲ. ಬಯಲಲ್ಲಿ ಮರೆ ಇರಲಿಲ್ಲವೆಂಬುದು ಒಂದು ಕಷ್ಟವಾದರೆ, ಕೆಂಪು ಹಳದಿ ಸೀರೆಯ ಖೋಲಿ ಎದ್ದು ನಿಂತ ಮೇಲೆ ಅದರೊಳಗೆ ಹೋಗುವುದೆಂದರೆ ಡಂಗುರ ಸಾರಿ ಹೋದಂತೆ ಎಂಬುದು ಇನ್ನೊಂದು ಕಷ್ಟವಾಯಿತು. ರಸ್ತೆಯ ಮೇಲೆ ಹೋಗುವ ಬೈಕಿನವರು ತಿರುಗಿ ತಿರುಗಿ ನೋಡಿದರು. ಹೆಣ್ಣುಮಕ್ಕಳು ತಲೆ ತಗ್ಗಿಸಿ ಕಸ ತೆಗೆದರು. ಆಗ ಮೀರಾಬಿ ತಾನೇ ಎದ್ದಳು. ನಡುಹೊಲದಿಂದ ಎಲ್ಲರ ಮುಂದೆ ನಡೆದು ಖೋಲಿಯೊಳಗೆ ಹೋದಳು, ಒಳಗಿನಿಂದಲೇ ಜೋರು ದನಿಯಲ್ಲಿ ಇವಳ ಸಾಲಿನಲ್ಲಿ ಕಸ ಉಳಿದಿದೆ, ಅವಳ ಕುರ್ಚಿಗಿ ಮೊಂಡಾಗಿದೆ ಎಂದು ಬೈದಳು, ಹೊರಗೆ ಬಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಹೋದಳು. ಮತ್ತೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಕ್ಕಳಿಗೆ ನಗು ತಡೆಯಲಾಗಲಿಲ್ಲ. ಮೀರಾಬಿ ಕಾಕಿಗೆ ಏನೋ ರೋಗ ಬಂದಿದೆ ಎಂದು ಒಬ್ಬಳು, ಒಳಗೆ ಹೊನ್ನಿನ ಕೊಪ್ಪರಿಗೆ ಹುಗಿದಿದ್ದಾಳೆ ಎಂದು ಇನ್ನೊಬ್ಬಳು. ನಗುತ್ತ ನಗುತ್ತ ಮಾದೇವಿ ಎಂಬ ಹುಡುಗಿ, ನಾನೂ ಕೊಪ್ಪರಿಗೆ ನೋಡಿ ಬರುತ್ತೇನೆ ಎಂದು ಎದ್ದಳು. ಅವಳ ಹಿಂದೆ ಇಬ್ಬರು ಎದ್ದರು.

ಇದು ಮಡಿವಾಳೆಪ್ಪನ ಕಿವಿಗೆ ಹೋಯಿತು. ಅವನು ಕೆಟ್ಟವನಲ್ಲ, ಹೊಲವನ್ನು ಮನೆದೇವರಂತೆ ನೋಡುವವನು, ಚಪ್ಪಲಿ ಕಳಚಿ ಬೆಳೆಯಲ್ಲಿ ಕಾಲಿಡುವವನು. ಮರುದಿನ ಬಂದು ಬದುವಿನ ಮೇಲೆ ನಿಂತ.

"ಅಲ್ಲಬೇ ಮೀರಾಬಿ, ಹೊಲ ಅಂದ್ರ ಲಕ್ಷ್ಮಿ. ಅದರಾಗ ಪಾಯಖಾನಿ ಕಟ್ಟಾಕ ಹೊಂಟೀಯಲ್ಲ."

"ಗಂಡಸ್ರು ಬದುವಿನ ಮ್ಯಾಲ ನಿಂತಾಗ ಲಕ್ಷ್ಮಿ ಕಣ್ಣ ಮುಚ್ಚಿರತಾಳೇನ್ರಿ ಸಾವ್ಕಾರ್ರ?"

ಸ್ವಲ್ಪ ಹೊತ್ತಿನ ಮೊದಲು ಮಡಿವಾಳೆಪ್ಪ ಅದೇ ಬದುವಿನ ಆಚೆ ತುದಿಗೆ ಹೋಗಿ ಬಂದದ್ದನ್ನು ಇಡೀ ಗುಂಪು ನೋಡಿತ್ತು. ಅವನ ಮುಖ ಕೆಂಪಾಯಿತು. ಖೋಲಿ ಬೇಕೋ ಕೆಲಸ ಬೇಕೋ ಎರಡರಲ್ಲೊಂದು ಆರಿಸಿಕೋ ಎಂದ. ಮೀರಾಬಿ ವಾದ ಬೆಳೆಸಲಿಲ್ಲ. ಗಳ ಕಿತ್ತಳು, ಸೀರೆ ಮಡಚಿದಳು, ಟಂಟಂಗೆ ಹಾಕಿ ತಾನೂ ಹತ್ತಿ ಕೂತಳು. ಹಿಂದೆ ಯಾರು ಬರುತ್ತಾರೆ ಎಂದು ತಿರುಗಿ ನೋಡುವ ಧೈರ್ಯ ಅವಳಿಗಿರಲಿಲ್ಲ, ಯಾಕೆಂದರೆ ಒಂದು ದಿನದ ಕೂಲಿ ಬಿಡುವುದು ಅಲ್ಲಿ ಯಾರಿಗೂ ಸುಲಭವಲ್ಲ. ಮೊದಲು ಮಾದೇವಿ ಬಂದು ಬಾಜು ಕೂತಳು. ಆಮೇಲೆ ಒಬ್ಬೊಬ್ಬರೇ ಬಂದರು. ಸಾಲು ಬಿಟ್ಟು ಏಳುವುದಿಲ್ಲವೆಂದು ಹೆಸರಾಗಿದ್ದ ಗುಂಪು ಅಂದು ಸಾಲಿನ ನಡುವೆಯೇ ಎದ್ದು ಹೋಯಿತು.

ಹೆಸರಿನ ಹೊಲದ ಕಸ ಮನುಷ್ಯರ ಮುನಿಸು ಮುಗಿಯುವ ತನಕ ಕಾಯುವುದಿಲ್ಲ. ಒಂದು ಮಳೆಯಾಯಿತು, ಬೇರೆ ಗುಂಪುಗಳೆಲ್ಲ ಬೇರೆ ಕಡೆ ಮಾತು ಕೊಟ್ಟಿದ್ದವು. ಆ ವಾರದಲ್ಲೇ ಮಡಿವಾಳೆಪ್ಪ ಬೈಕಿನ ಮೇಲೆ ಓಣಿಗೆ ಬಂದು, ಕೆಳಗಿಳಿಯದೆಯೇ, ಖೋಲಿಯನ್ನು ಬೆಳೆಯಲ್ಲಿ ಬೇಡ, ಬದುವಿನ ಮೂಲೆಯಲ್ಲಿ ಹಾಕಿಕೊಳ್ಳಿ ಎಂದು ಹೇಳಿದ. ಹೋಗುವಾಗ, ನಿಮ್ಮ ಗಳ ಸೊಟ್ಟಗಿವೆ, ನಮ್ಮ ಹಿತ್ತಲಲ್ಲಿ ನೆಟ್ಟಗಿನವು ಬಿದ್ದಿವೆ, ಒಯ್ಯಿರಿ ಎಂದೂ ಸೇರಿಸಿದ. ಖೋಲಿ ಈಗಲೂ ನಿಂತಿರುವುದು ಆ ಗಳಗಳ ಮೇಲೆಯೇ.

ಅಲ್ಲಿಂದ ಮುಂದೆ ಮೀರಾಬಿ ಸುಮ್ಮನಿದ್ದರೆ ಅವಳು ಮೀರಾಬಿಯಾಗುತ್ತಿರಲಿಲ್ಲ. ಸಾಲು ಮುಗಿದಾಗ ತಂಬಿಗೆ ಕೊಟ್ಟು ಎದುರು ನಿಂತು ಗಂಟಲು ಅಲುಗುತ್ತದೋ ಇಲ್ಲವೋ ನೋಡುತ್ತಾಳೆ. ಬಸುರಿಯರು ಟಂಟಂನ ಹಿಂದಿನ ಹಲಗೆಯ ಮೇಲೆ ಕೂಡುವಂತಿಲ್ಲ, ರಮಜಾನ್‌ನ ಬಾಜು ಮುಂದಿನ ಸೀಟು ಅವರದು. ಬುಟ್ಟಿ ಹೊರುವಂತಿಲ್ಲ. ತಿಂಗಳಿಗೊಮ್ಮೆ ದವಾಖಾನೆಗೆ ಹೋಗಿ ರಕ್ತ, ಮೂತ್ರ ತಪಾಸಣೆ ಮಾಡಿಸಿಕೊಳ್ಳಬೇಕು. ನಾಚಿಕೆ ಪಡುವವರ ಜೊತೆ ಮೀರಾಬಿ ತಾನೇ ಹೋಗುತ್ತಾಳೆ. ಮಾದೇವಿ ಬಸುರಾದಾಗ ಉರಿಯೂ ಇರಲಿಲ್ಲ ಜ್ವರವೂ ಇರಲಿಲ್ಲ, ಆದರೂ ತಪಾಸಣೆಯಲ್ಲಿ ಸೋಂಕು ಸಿಕ್ಕಿತು. ಗುಳಿಗೆ ಕೊಟ್ಟರು. ತಿಂಗಳು ತುಂಬಿಸಿಕೊಂಡು ದುಂಡನೆಯ ಗಂಡು ಕೂಸು ಹಡೆದಳು. ಅದನ್ನು ನೋಡಿ ಬಂದ ದಿನ ಮೀರಾಬಿ ಮನೆಯವರಿಗೆಲ್ಲ ಸಕ್ಕರೆ ಹಂಚಿದಳು.

ಸುಲ್ತಾನಾ ಶಾಲೆಗೆ ಹೋಗುವಂತಾದ ವರ್ಷ ಅರ್ಫಾ ಮತ್ತೆ ಬಸುರಾದಳು. ಇಷ್ಟು ವರ್ಷ ಬೇರೆಯವರ ಮನೆಯ ಬಸುರಿಯರಿಗೆ ಧೈರ್ಯ ಹೇಳಿದ ಮೀರಾಬಿಗೆ ತನ್ನ ಮನೆಯಲ್ಲಿ ಧೈರ್ಯ ಸಾಲದಾಯಿತು. ಒಮ್ಮೆ ಮೊದಲೇ ಹಡೆದವರು ಮತ್ತೆ ಮೊದಲೇ ಹಡೆಯಬಹುದು ಎಂಬ ಮಾತು ಪರದೆಯೊ‌ಳಗೆ ಕೇಳಿದ ದಿನದಿಂದ ಅವಳ ತಲೆಯಿಂದ ಹೋಗಿರಲಿಲ್ಲ. ಡಾಕ್ಟರು ಹೇಳಿದ ತಪಾಸಣೆ, ಸ್ಕ್ಯಾನು, ಗುಳಿಗೆ ಯಾವುದೂ ತಪ್ಪಲಿಲ್ಲ. ಆದರೂ ಸುಲ್ತಾನಾ ಹುಟ್ಟಿದ ಆ ಏಳು ತಿಂಗಳ ಗಡಿ ಹತ್ತಿರ ಬಂದಂತೆ ಅವಳು ಗುಂಪನ್ನು ಮಾದೇವಿಗೆ ಒಪ್ಪಿಸಿ ಮನೆಯಲ್ಲೇ ಕೂತಳು. ಅರ್ಫಾ ನಿಂತರೆ ಯಾಕೆ ನಿಂತೆ, ಕೂತರೆ ಯಾಕೆ ಕೂತೆ. ಮಾತಿಗೊಮ್ಮೆ ನೀರಿನ ತಂಬಿಗೆ. ಕೊನೆಗೆ ಮಾತು ಕಡಿಮೆಯ ಸೊಸೆ ಒಂದು ದಿನ ಬಾಯಿ ಬಿಟ್ಟಳು.

"ನೀವು ಹಿಂಗ ನೋಡಕೋತ ಕುಂತ್ರ ನನಗ ಅಂಜಿಕಿ ಆಗತೈತ್ರಿ. ಹೊಲಕ್ಕ ಹೋಗ್ರಿ."

ಮೀರಾಬಿ ಹೊಲಕ್ಕೆ ಹೋದಳು. ಕಸದ ಬದಲು ಉಳ್ಳಾಗಡ್ಡಿ ಸಸಿಯನ್ನೇ ಕಿತ್ತಳು, ಎರಡು ಸಲ ಮಾದೇವಿಯಿಂದ ಬೈಸಿಕೊಂಡಳು. ಅದೇ ವಾರ ಅರ್ಫಾಗೆ ಸಣ್ಣಗೆ ನಡುನೋವು ಬಂತು. ಈ ಸಲ ಯಾರೂ ಉಷ್ಣ ಎನ್ನಲಿಲ್ಲ. ನೋವು ಶುರುವಾದ ಗಳಿಗೆಯಲ್ಲೇ ಅರ್ಫಾ ಹೇಳಿದಳು, ಹೇಳಿದ ಗಳಿಗೆಯಲ್ಲೇ ರಮಜಾನ್ ಗಾಡಿ ತೆಗೆದ. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಔಷಧಿ ಕೊಟ್ಟರು, ಹೊಟ್ಟೆ ಬಿಗಿಯುವುದು ನಿಂತಿತು, ಮನೆಗೆ ಕಳಿಸಿದರು. ಎಂಟು ಕಳೆಯಿತು. ಒಂಬತ್ತು ಹಿಡಿಯಿತು. ಮೀರಾಬಿ ಯಾರ ಹತ್ತಿರವೂ ಆ ಮಾತು ಎತ್ತಲಿಲ್ಲ, ಎತ್ತಿದರೆ ದೃಷ್ಟಿ ತಾಗೀತು ಎಂಬಂತೆ.

ಹೆರಿಗೆಯ ದಿನ ಆಕೆ ಆಸ್ಪತ್ರೆಗೆ ಬಂದದ್ದು ಸಜ್ಜಾಗಿಯೇ. ಮುಂದೆ ಗುಂಡಿಯಿರುವ ಸಡಿಲ ಕುಪ್ಪಸ ಹಾಕಿದ್ದಳು, ಎದೆಗೆ ಬಿಗಿಯುವ ಮೆತ್ತನೆ ಬಟ್ಟೆಯನ್ನು ಚೀಲದಲ್ಲಿಟ್ಟುಕೊಂಡಿದ್ದಳು. ಬಾಜು ಸುಲ್ತಾನಾ, ಚಷ್ಮಾ ಸರಿಮಾಡಿಕೊಳ್ಳುತ್ತ. ಬಾಗಿಲು ತೆರೆಯಿತು, ನರ್ಸು ಬಟ್ಟೆಯ ಗಂಟೊಂದನ್ನು ಹಿಡಿದು ಹೊರಗೆ ಬಂದಳು. ಮೀರಾಬಿ ಪರದೆ ಎಲ್ಲಿದೆ ಎಂದು ಸುತ್ತ ನೋಡಿ ಕುಪ್ಪಸದ ಮೇಲಿನ ಗುಂಡಿಗೆ ಕೈ ಹಾಕಿದಳು. ನರ್ಸು ನಕ್ಕು, ಅದೇನೂ ಬೇಕಾಗಿಲ್ಲ, ತಾಯಿಯನ್ನು ವಾರ್ಡಿಗೆ ತರುತ್ತಾರೆ, ಅಷ್ಟರ ತನಕ ಸುಮ್ಮನೆ ಹಿಡಿದುಕೊಳ್ಳಿ ಎಂದಳು.

ಮೀರಾಬಿ ಕೈ ಒಡ್ಡಿದಳು. ಒಂದು ಕೈ ತಲೆಯ ಕೆಳಗೆ, ಒಂದು ಕೈ ಕುಂಡಿಯ ಕೆಳಗೆ, ಮೊಣಕೈ ಪಕ್ಕೆಗೆ ಒತ್ತಿ. ಆ ಕೈಗಳಿಗೆ ಗೊತ್ತಿದ್ದದ್ದು ಭಾರವೇ ಇಲ್ಲದ ಒಂದು ಕೂಸು. ನರ್ಸು ಇಟ್ಟಳು, ಕೈ ತಟ್ಟನೆ ಕೆಳಗಿಳಿಯಿತು. ಜ್ವಾಕೆ, ಜ್ವಾಕೆ ಎಂದು ನರ್ಸು ಹಿಡಿದುಕೊಂಡಳು. ಮೀರಾಬಿ ಹಾಗೇ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಳು. ಕೂಸು ತೊಡೆ ತುಂಬ ಮಲಗಿ, ಗಂಟಲು ಹರಿಯುವಂತೆ ಅತ್ತಿತು. ಅದರ ಉಸಿರಿಗೆ ಯಾರೂ ಏನನ್ನೂ ನೆನಪಿಸಬೇಕಿರಲಿಲ್ಲ.

"ವಜ್ಜಿ ಐತಿ" ಎಂದಳು ಮೀರಾಬಿ. ಮತ್ತೆ, ಯಾರಿಗೋ ದೂರು ಹೇಳುವಂತೆ, "ಎಷ್ಟ ವಜ್ಜಿ ಐತಿ ನೋಡ" ಎಂದಳು. ಸುಲ್ತಾನಾ ಹುಟ್ಟಿದಾಗ ಅಳದಿದ್ದವಳು, ಮುದುಕಿಯರ ಮಾತಿಗೆ ಅಳದಿದ್ದವಳು ಈಗ ಸೆರಗಿನಿಂದ ಒರೆಸಲು ಕೈ ಬಿಡುವಿಲ್ಲದೆ ಹಾಗೇ ಅತ್ತಳು.

ಸುಲ್ತಾನಾ ತಮ್ಮನ ಮುಖದ ಹತ್ತಿರ ಚಷ್ಮಾ ತಂದು ನೋಡುತ್ತಿದ್ದಳು. ಅಷ್ಟರಲ್ಲಿ ಬಟ್ಟೆ ತೊಯ್ದು, ಬೆಚ್ಚಗೆ ಮೀರಾಬಿಯ ಹೊಸ ಸೀರೆಯ ಮೇಲೆ ಹರಿಯಿತು. ಸುಲ್ತಾನಾ ಛೀ ಎಂದು ಹಿಂದೆ ಸರಿದು, ಅಜ್ಜಿ ಈಗ ಕನ್ನಡದಲ್ಲಿ ಬೈಯುತ್ತಾಳೆಂದು ಕಾದಳು. ಮಾತು ಬಂದದ್ದು ಕನ್ನಡದಲ್ಲೇ.

"ಹೊಯ್ಯಪಾ, ಹೊಯ್ಯಿ. ನಮ್ಮನ್ಯಾಗ ಇನ್ನ ಯಾರೂ ತಡಕೊಳ್ಳಂಗಿಲ್ಲ."